ಒಣಗದ ಟಾರು

…ಅಲ್ಲ ಕಣವ್ವಾ, ನಾನೇನು ಬ್ಯಾಡ ಅಂದ್ನಾ? ನಾಳೀಕೇ ಓಗು ಅಂತ್ಲೇ ಯೋಳ್ತಾ ಇರಾದು. ನಿನ್ನೂ ಕೂಸ್ನೂ ಬೆಳಕವಾಡಿಗೆ ಬುಟ್ಟು ಬರಾಕೆ ನಂಗೇನು ಬ್ಯಾಸರವಾ? ಎತ್ತ ಅಪ್ಪ ನಾನು. ಬಾಣ್ತನ ಮುಗೀತು, ಕೂಸ್ಗೆ ಐದು ತಿಂಗ್ಳು ತುಂಬ್ತು, ಮಗಳ್ನ ಗಂಡನ್ ಮನೆಗೆ ಕಳುಸ್ಬೇಕು, ಅಷ್ಟೂ ಗೊತ್ತಾಗಕಿಲ್ವಾ ನಂಗೆ? ಆದ್ರೆ ಯಾವುದ್ರಲ್ಲಿ ಓದೀಯ? ಈ ಲಾರಿ ತೊಟ್ಟಿ ನೋಡು. ಟಾರು ಬಳ್ದು ನಾಕು ದಿನ ಆಯ್ತು, ಇನ್ನೂ ಅಂಗೇ ಮಿರಮಿರ ಅಂತದೆ. ಇದ್ರ ಮ್ಯಾಲೆ ತೊಟ್ಲು ಮಡಗ್ಲಾ? ಅಸ ನಿಲ್ಲುಸ್ಲಾ? ನೀನೇ ಯೋಳು ಮಲ್ಲಿಗವ್ವ.

ಬಾ, ಕುಂತ್ಕೊ ಬಾ. ಆ ಒಳ್ಕಲ್ ಮ್ಯಾಲೆ ಕುಂತ್ಕೊ. ಕೂಸು ನಿದ್ದೆ ಮಾಡ್ತಾ… ಎಲ್ಲಿ ಮಾಡ್ತು, ಕಣ್ ಬುಟ್ಕಂಡೇ ಅವ್ಳಲ್ಲ. ನನ್ನೇ ನೋಡ್ತಾವ್ಳೆ ಕಳ್ಳಿ. ತಾತ ಮೈಗೆಲ್ಲಾ ಕರಿ ಬಳ್ಕಂಡು ಕ್ವಾಣನಂಗವ್ನೆ ಅಂತ ನೋಡ್ತೀಯೇನವ್ವ? ನೋಡು, ನೋಡು. ಈ ಕೆಂಪಸಿದ್ದಯ್ಯನ ಲಾರಿ ಅಂದ್ರೆ ಮಂಡ್ಯದ ಸಕ್ರೆ ಪ್ಯಾಟ್ರಿ ಗೇಟ್ನವ್ನೂ ಎದ್ದು ನಿಂತ್ಕತಾನೆ. ನೀನು ಮಾತ್ರ ಬೆಳ್ಳು ಚೀಪ್ಕಂಡು ನೋಡು.

ಯಾಕ್ ನಗ್ತೀಯ ಮಲ್ಲಿಗವ್ವ? ಎದ್ದು ನಿಂತ್ಕತಾನೆ ಕಣವ್ವ. ಸುಳ್ಳಲ್ಲ.

ಗೊತ್ತು ಗೊತ್ತು, ಯೋಳ್ಬ್ಯಾಡ. ಅಮಾಸೆಗೆ ಇನ್ನು ಮೂರೇ ದಿನ. ಅಮಾಸೆ ಕಳೀತು ಅಂದ್ರೆ ಆಸಾಡ. ಆಸಾಡದಲ್ಲಿ ಸೊಸೆ ಅತ್ತೆ ಮನೆ ಒಸಲು ತುಳಿಯಂಗಿಲ್ಲ, ಮತ್ತೆ ತಿಂಗ್ಳು ಪೂರಾ ಇಲ್ಲೇ. ಅದೇನು ನಾನು ಮಾಡಿದ ಸಾಸ್ತ್ರವಾ? ಅಂಗಂತ ನನ್ ಮಕ ಯಾಕ್ ಅಂಗ್ ನೋಡ್ತೀಯ? ಮೋಡ ನಾ ತಂದ್ನಾ? ಬಿಸ್ಲು ನಾ ಕಟ್ಟಾಕಿವ್ನಾ?

ಬಸ್ಸಾ? ಬಸ್ಸಲ್ಲಿ ಓಗ್ಬೋದು, ಯಾರ್ ಬ್ಯಾಡ ಅಂದ್ರು. ಮದ್ದೂರಲ್ಲಿ ಅತ್ತಿ ಮಳವಳ್ಳೀಲಿ ಇಳ್ಕೊಂಡ್ರಾಯ್ತು. ಕೂಸು ಒಂದ್ ಕಂಕುಳು, ತೊಟ್ಲು ಇನ್ನೊಂದ್ ಕಂಕುಳು. ಅಸ? ಅಸಕ್ಕೂ ಟಿಕೀಟು ಕೊಡುಸ್ತೀಯಾ? ಎಣ್ ಕೂಸು ಓಗೋವಾಗ ಜತೇಲಿ ಕರೆಯೋ ಅಸ ಓಗ್ಬೇಕು, ಅದು ನಮ್ ಮನೆ ಮರ್ವಾದೆ. ಇನ್ನು ಗಾಡಿ ಅಂತೀಯ. ಗಾಡಿ ಐತೆ, ಎತ್ತು? ಎತ್ತು ಉಳಾಕೆ ಓಗವೆ. ಮಳೆ ಉಯ್ದು ನೆಲ ಅದ ಬಂದೈತೆ, ಈಗ ನೊಗ ಬಿಚ್ಚಿ ನಿನ್ನ ಬುಟ್ಟು ಬಾ ಅಂದ್ರೆ ನಮ್ಮೂರೋರು ನಗಾಕಿಲ್ವಾ?

ಅಂಗಾರೆ ಉಳ್ಕೊಳಾದು ಈ ಲಾರಿ. ಇದಾ, ಒಣಗ್ನಿಲ್ಲ.

ಯಾಕ್ ಬಳೀಬೇಕಿತ್ತು ಅಂತ ಕೇಳ್ಬ್ಯಾಡ. ಅದ್ನ ಮಾತ್ರ ಕೇಳ್ಬ್ಯಾಡ, ನನ್ ಒಟ್ಟೆ ಉರೀತದೆ. ಬಾ ಇಲ್ಲಿ, ಈ ಮೂಲೆ ಅಲಗೆ ನೋಡು. ಮತ್ತಿ ಮರ, ಕೊಡ್ಲಿ ಬಿದ್ರೆ ಕೊಡ್ಲೀನೇ ಮುರೀಬೇಕು ಅಂತ ಮರ. ಎಲ್ಡು ವರ್ಸ ಕಬ್ಬು ಒಡ್ದಿದ್ದಕ್ಕೆ ಎಂಗಾಗೈತೆ? ಬೆಳ್ಳು ಒತ್ತುದ್ರೆ ಇಳೀತದೆ. ಕಬ್ಬಿನ ತುದೀಯಿಂದ ಆಲು ಸೋರ್ತದಲ್ಲ, ಅದು ಅಲಗೆಗೆ ಇಳ್ದು ಉಳಿಯಾಯ್ತದೆ. ಇರ್ವೆ ಬತ್ತವೆ. ಮ್ಯಾಲೆ ಮಳೆ ನೀರು. ಇನ್ನೊಂದು ವರ್ಸ ಬುಟ್ಟಿದ್ರೆ ಕಬ್ಬೆಲ್ಲಾ ದಾರೀಲೇ ಉದುರೋಗಿ ಪ್ಯಾಟ್ರಿಗೆ ಬರೀ ಲಾರಿ ಓಯ್ತಿತ್ತು. ಈಗ ಗಾಣ ನಿಂತೈತೆ, ಲಾರಿಗೂ ಕೆಲ್ಸ ಇಲ್ಲ. ಬಳಿಯಾದಾದ್ರೆ ಈಗ್ಲೇ ಬಳೀಬೇಕು.

ಅದ್ಸರಿ, ಮೂರ್ ಸಲ ಯಾಕೆ ಅಂತೀಯಾ? ಅದ್ಕೇನು ಮಾಡ್ಲಿ, ಒಬ್ಬೊಬ್ರು ಒಂದೊಂದ್ ಯೋಳಿದ್ರು.

ಮಂಡ್ಯದ ಬಣ್ಣದ ಅಂಗ್ಡಿಯವ್ನು ಕೆಂಪು ಬಣ್ಣ ಕೊಟ್ಟ. ಅಣ್ಣಾ, ರೈಲಿಗೇ ಇದನ್ನ ಬಳಿಯಾದು ಅಂದ. ಬಳ್ದೆ. ಎಂಗಿತ್ತು? ಮದ್ಲಗಿತ್ತಿ ಕಾಲಂಗೆ ಇತ್ತು. ಒಂದ್ ಸಲ ಕಲ್ಲು ತುಂಬುದ್ರೆ ಎಲ್ಲಾ ಕೆರ್ಕಂಡು ಓಯ್ತು. ಒಂದ್ ವಾರ ಅದುಕ್ಕೆ ಓಯ್ತಾ? ಆಮೇಲೆ ಡ್ರೈವರ್ ನಾಗಯ್ಯ ಸುರು ಮಾಡ್ದ, ತಗಡು ಒಡ್ಸವಾ ತಗಡು ಒಡ್ಸವಾ ಅಂತ. ತಗಡು ಒಡುದ್ರೆ ನೀರು ಅದ್ರ ಅಡೀಗೆ ಸೇರ್ಕಂಡು ಮ್ಯಾಲೆ ತಳತಳ, ಕೆಳಗೆ ಕೊಳ್ತ. ನಿನ್ನಸ ಅದ್ರ ಮ್ಯಾಲೆ ನಿಂತ್ರೆ ಮಳವಳ್ಳಿಗಂಟ ಜಾರ್ಕಂಡೇ ಓಗ್ಬೇಕಿತ್ತು. ಬ್ಯಾಡ ಅಂದೆ. ಒಂಗೆ ಎಣ್ಣೆ ಕುಡಿಸ್ದೆ. ಅದು ಕುಡೀತು ಕುಡೀತು, ಅಮಲ್ದಾರ್ರ ಮನೆ ಊಟಕ್ಕೆ ಓದವ್ನಂಗೆ ಕುಡೀತು, ಇನ್ನೊಂದ್ ವಾರ.

ನಿಮ್ ಸೋದರತ್ತೆ ಯೋಳಿದ್ದು ಕೇಳಿದ್ಯಾ? ನಮ್ಮಕ್ಕ ಚಿಕ್ಕಬೋರಮ್ಮ. ಅಷ್ಟ್ಯಾಕ್ಲಾ ಕಷ್ಟ ಬೀಳ್ತೀಯ, ಕಣ ಸಾರ್ಸ್ದಂಗೆ ಸಗಣಿ ಸಾರ್ಸ್ಬುಡು, ಮ್ಯಾಲೆ ಒಂದ್ ರಂಗೋಲಿ ಬುಟ್ರೆ ಲಕ್ಷಣ್ವಾಗಿರ್ತದೆ ಅಂತಾಳೆ. ನಗ್ಬ್ಯಾಡ. ಅವ್ಳು ನಿಜ್ವಾಗ್ಲೂ ಬುಟ್ಟೀಲಿ ಸಗಣಿ ತಂದು ಇಲ್ಲಿ ಮಡ್ಗಿದ್ಲು.

ಕಡೀಗೆ ಟಾರೇ ಸರಿ ಅಂತ ಆಯ್ತು. ಬೆಂಗ್ಳೂರು ರಸ್ತೆಗೆ ಉಯ್ತಾರಲ್ಲ ಅದೇ. ನಾ ಯೋಳ್ತೀನಿ ಕೇಳು, ಟಾರಿನಂಥಾದ್ದು ಇನ್ನೊಂದಿಲ್ಲ. ಮೊದ್ಲು ಅಲಗೆ ಉಜ್ಜಿ ತೊಳ್ದು ಬಿಸ್ಲಿಗೆ ಒಣಗುಸ್ಬೇಕು. ಸಂದಿಗೆಲ್ಲಾ ತೆಂಗಿನ ನಾರು ತುರುಕ್ಬೇಕು. ಟಾರು ಕಾಯ್ಸಿ, ವಸಿ ಸೀಮೆಣ್ಣೆ ಬುಟ್ಟು ತೆಳ್ಳಗೆ ಮಾಡ್ಕಂಡು, ಬಿಸಿಬಿಸೀಲೇ ನಾರಿನ ಜುಂಗಲ್ಲಿ ಬಳೀಬೇಕು. ಒಂದ್ ಕೈ ಉದ್ದುಕ್ಕೆ, ಒಂದ್ ಕೈ ಅಡ್ಡುಕ್ಕೆ. ಮ್ಯಾಲೆ ಮರಳು ಚೆಲ್ಲಿ ಸುಮ್ಕೆ ಬುಟ್ರೆ ಎಲ್ಡು ದಿನ ಅಷ್ಟೇಯ, ಕಲ್ಲಾಯ್ತದೆ. ಕಬ್ಬಿನಾಲೂ ಇಳ್ಯಾಕಿಲ್ಲ, ಮಳೇನೂ ಇಳ್ಯಾಕಿಲ್ಲ, ಅಸಾನೂ ಜಾರಕಿಲ್ಲ.

ಏನು? ಎಲ್ಡು ದಿನ ಅಂದ್ನಾ? ಅಂದೆ. ಅದು ಬಿಸ್ಲಿದ್ರೆ.

ಅಲ್ಲವ್ವಾ, ಆ ಡಬ್ಬದ ಅಂಚಲ್ಲಿರಾದು ಒಣಗೈತೆ, ನಾನೂ ನೋಡ್ದೆ. ಅದೂವೆ ಈ ಮೋಡದಲ್ಲೇ ಒಣಗೈತೆ, ಸರಿ. ಅದು… ಅದು ಮೊದ್ಲು ಕಾಯ್ಸಿದ್ದಲ್ವಾ. ಡಬ್ಬ ತಗಡಿಂದು, ಬ್ಯಾಗ್ನೆ ಒಣಗ್ತದೆ. ಇದು ಮರ. ಮರಕ್ಕೂ ತಗಡಿಗೂ ವ್ಯತ್ಯಾಸ ಇಲ್ವಾ? ಆ ಒಳ್ಕಲ್ ತಾವ ಚೆಲ್ಲಿರಾದೂ ಒಣಗೈತಾ? ಎಲ್ಲಿ… ಊಂ. ಕಲ್ಲು ಕಣವ್ವ ಅದು. ಕಲ್ಲಿನ ಮ್ಯಾಲೆ ಬಿದ್ದುದ್ದು ಕಲ್ಲಾಯ್ತದೆ.

ಎಲ್ಲಿ ಓಯ್ತೀಯ? ಮೂಸ್ ನೋಡ್ಬ್ಯಾಡ, ತಲೆನೋವು ಬತ್ತದೆ. ಟಾರಿನ ವಾಸ್ನೆ ಬಾಣ್ತಿಗೆ ಒಳ್ಳೇದಲ್ಲ ಅಂತ ನಿಮ್ ಸೋದರತ್ತೆ…

ಇನ್ನೇನ್ ವಾಸ್ನೆ ಇರ್ತದೆ? ಟಾರಿಂದೇಯ.

ಅರಳೆಣ್ಣೆ ವಾಸ್ನೇನಾ? ಅರಳೆಣ್ಣೆ ಎಲ್ಲಿಂದ ಬಂತು ಇಲ್ಲಿಗೆ? ಕೂಸ್ಗೆ ನೀರು ಉಯ್ಯೋ ಮುಂಚೆ ತಿಕ್ತೀರಲ್ಲ, ಅದು ನಿನ್ ಕೈಯಲ್ಲೇ ಇರ್ತದೆ, ಅದೇ ಬತ್ತಾ ಇರ್ಬೇಕು. ಏನ್ ಖಾಲಿ? ಆ ದೊಡ್ ಕುಡ್ಕೇನಾ? ನಿಮ್ಮತ್ತೆ ಬೆಳಿಗ್ಗೆಯಿಂದ ಬೆಕ್ಕಿನ ಮ್ಯಾಲೆ ಆಕ್ಕೊಂಡು ಬೈತಾ ಇದ್ದುದ್ದು ಅದ್ಕೇನಾ? ಪಾಪ, ಬೆಕ್ಕು.

ಅಂಗ್ ನೋಡ್ಬ್ಯಾಡ ಕಣವ್ವ. ನಿಮ್ಮವ್ವ ಮಾಯಮ್ಮ ಇದ್ದಾಗ ಇಂಗೇ ನೋಡೋಳು. ಬಾಯಲ್ಲಿ ಒಂದ್ ಮಾತೂ ಇಲ್ಲ, ಬರೀ ಕಣ್ಣು. ನಾನು ಎಲ್ಲಾ ಒಪ್ಕೊಂಬುಡೋನು.

ಊಂ. ಸರಿ. ಬೆರ್ಸ್ದೆ.

ಟಾರು ಕಾಯೋವಾಗ ಅರ್ಧ ಕುಡ್ಕೆ ಅರಳೆಣ್ಣೆ ಉಯ್ದೆ. ಆಮೇಲೆ ಇನ್ನರ್ಧಾನೂ ಉಯ್ದೆ. ಸಾಕಾ? ಅಂಗ್ಡಿಯವ್ನು ಯೋಳ್ದ, ಅಲಗೆ ಮೆತ್ತಗಿರ್ತದೆ… ಬುಡು, ಅವ್ನು ಏನೂ ಯೋಳ್ನಿಲ್ಲ. ನಾನು ಗಾಡಿ ಒಡ್ಯೋನು, ನೀನು ಗಾಡಿ ಒಡ್ಯೋನ ಮಗಳು, ಇಬ್ರಿಗೂ ಗೊತ್ತಿರೋದ್ನ ಯಾಕ್ ಮುಚ್ಚಾದು? ಗಾಡಿ ಕೀಲಿಗೆ ಅರಳೆಣ್ಣೆ ಯಾಕ್ ಬುಡ್ತೀವಿ? ಒಣಗ್ಬಾರ್ದು ಅಂತ. ಜಾತ್ರೆಗೆ ಓದ್ರೂ ಒಣಗ್ಬಾರ್ದು, ಸಂತೆಗೆ ಓದ್ರೂ ಒಣಗ್ಬಾರ್ದು. ಟಾರಿಗೆ ಬೆರ್ಸಿದ್ರೂ ಒಣಗಕಿಲ್ಲ. ಈ ಅಮಾಸೆಗಲ್ಲ, ದೀಪಾವಳಿಗೂ ಒಣಗಕಿಲ್ಲ ಇದು.

ನಗು ಈಗ. ನಗ್ಬುಡು ಜೋರಾಗಿ. ಮೂವತ್ ವರ್ಸ ಗಾಡಿ ಒಡ್ದವ್ನು, ಲಾರಿ ಮಡ್ಗಿರೋ ಮನ್ಸ, ಮಗಳ್ನ ಇನ್ನೊಂದ್ ತಿಂಗ್ಳು ಇಕ್ಕಳಾಕೆ ಕೂಸಿನ ಎಣ್ಣೆ ಕದ್ದ ಅಂತ ಊರ್ಗೆಲ್ಲಾ ಯೋಳು. ನಿಮ್ಮತ್ತೆಗೆ ಮಾತ್ರ ಯೋಳ್ಬ್ಯಾಡ, ಅವ್ಳು ಸಗಣಿ ಬುಟ್ಟಿ ಇನ್ನೂ ಎತ್ತಿಲ್ಲ.

ಏನಾಗ್ಬುಡ್ತದೆ ಒಂದ್ ತಿಂಗ್ಳು? ಇಲ್ಲಿ ನಿಂಗೇನು ಕಮ್ಮಿ? ಎರೆಯೋರವ್ರೆ, ಇಕ್ಕೋರವ್ರೆ. ಕೂಸು ಈಗ ಮಗ್ಗುಲಾಯ್ತದೆ. ಇನ್ನೊಂದ್ ತಿಂಗ್ಳಿಗೆ ಅಂಬೆಗಾಲಿಕ್ತದೋ ಏನೋ, ಅದ್ನ ನೋಡ್ಬುಡ್ತೀನಿ ಅಂತಿದ್ದೆ ಅಷ್ಟೇಯ. ಅಲ್ಲಿ ನಿಂಗಾಗಿ ಯಾರ್ ಬಾಗ್ಲಲ್ಲಿ ನಿಂತವ್ರೆ? ಆ ನಿನ್ ಗಂಡ ಪುಟ್ಟಸ್ವಾಮಿಗೆ ಆತ್ರ ಇದ್ದಿದ್ರೆ ಬತ್ತಿರ್ನಿಲ್ವಾ? ಎಸ್ರಿಡಾಕೆ ಅವ್ರವ್ವ ಬಂದ್ರು, ಊಟ ಮಾಡುದ್ರು, ಮುಂದಿನ್ದು ಗಂಡಾಗ್ಲಿ ಬುಡು ಅಂದ್ರು, ಓದ್ರು. ಇವ್ನು ಚಳಿಜರ ಅಂತ ಮಲ್ಗಿದ್ದ. ಚಳಿಜರ ಬುಟ್ಟು ಎಷ್ಟ್ ದಿನ ಆಯ್ತು? ಮೀಸೆ ತಿರುವ್ಕೊಂಡು ನಾಲೆ ಏರಿ ಮ್ಯಾಲೆ ತಿರುಗ್ತಾ ಇರ್ತಾನೆ ನಿನ್ ಅರಸ. ಎಡ್ತಿ ಯಾರು, ಕೂಸು ಯಾರು ಅಂತ ಮರ್ತೇ ಓಗಿರ್ತಾನೆ…

ತಮಾಸೆ ಕಣವ್ವ. ನಗು.

ಮಲ್ಲಿಗವ್ವ.

ಯಾಕವ್ವಾ, ಆ ಕಡೀಕೆ ತಿರುಕ್ಕಂಡೆ? ಸೆರಗು ಕಣ್ಗೆ ಯಾಕ್ ಒತ್ಕತೀಯ? ಟಾರಿನ ಒಗೆ ಅಂತೀಯಾ… ಒಲೆ ಆರಿ ನಾಕು ದಿನ ಆಯ್ತು, ಒಗೆ ಎಲ್ಲೈತೆ? ನಾನು ಆಟಕ್ಕೆ ಅಂದದ್ದು. ದಿನಾ ಅಂತಿರ್ನಿಲ್ವಾ? ಇಪ್ಪತ್ ದಿನದಿಂದ ಅಂತಾನೇ ಇವ್ನಿ, ನೀನೂ ನಗ್ತಾನೇ ಇದ್ದೆ.

ನಗ್ತಿದ್ಯಲ್ಲವ್ವಾ…

ಇಪ್ಪತ್ ದಿನದಿಂದ್ಲೂ ನಿಜ ಅಂದ್ಕಂಡಿದ್ಯಾ? ಎಣ್ಣು ಉಟ್ತು ಅಂತ ಬುಟ್ಬುಟ್ರು ಅಂತ? ಅದ್ಕೇನಾ ದಿನಾ ಸಂಜೆ ಜಗ್ಲೀಲಿ ಕುಂತ್ಕಂಡು ಮದ್ದೂರ್ ದಾರಿ ನೋಡ್ತಿದ್ದುದ್ದು? ನಾನು ಗಾಳಿಗೆ ಕುಂತಿದ್ದಾಳೆ ಅಂದ್ಕಂಡೆ ಕಣವ್ವ. ಕೂಸ್ನ ಗಾಳಿಗೆ ಎತ್ಕೊಂಡು ಕುಂತಿದ್ದಾಳೆ ಅಂತ. ಸತ್ಯವಾಗ್ಲೂ ಅಂಗೇ ಅಂದ್ಕಂಡೆ.

ಮಾತಾಡವ್ವ. ಬೈಯ್ಯಾದ್ರೂ ಬೈಯಿ.

…

ಬಂದಿದ್ದ ಕಣವ್ವಾ.

ಎಲ್ಡು ಸಲ ಬಂದಿದ್ದ.

ಮೊದ್ಲ್ನೇ ಸಲ ದೊಡ್ಡಿ ತಾವ ಸಿಕ್ದ. ನಾನು ಒಂಗೆ ಎಣ್ಣೆ ತರಾಕೆ ಓಗಿದ್ದೆ. ಎದುರ್ಗೆ ಕಮಾನು ಗಾಡಿ ಬತ್ತಾ ಐತೆ. ಒಳಗೆ ಉಲ್ಲು ಆಸವ್ನೆ, ಉಲ್ಲಿನ ಮ್ಯಾಲೆ ಕಂಬ್ಳಿ ಆಸವ್ನೆ, ಕಂಬ್ಳಿ ಮ್ಯಾಲೆ ಅವ್ರವ್ವನ ಅಳೇ ಸೀರೆ ಮಡಿಸಿ ಆಸವ್ನೆ. ಕೂಸ್ಗೆ ಒತ್ಬಾರ್ದು ಅಂತ. ಮಾವ, ಕರ್ಕೊಂಡ್ ಓಗಾಕೆ ಬಂದೆ, ಆಸಾಡದೊಳಗೆ ಬಂದ್ಬುಡ್ಲಿ ಅಂತಾನೆ. ಅವ್ನ್ ಮಕ ನೋಡಿದ್ರೆ ನೀನು… ಮದುವೇಲೂ ಅಂಗಿರ್ನಿಲ್ಲ ಅವ್ನ್ ಮಕ.

ನಂಗೆ ಏನ್ ಬಂತೋ ಬುದ್ದಿ. ನಮ್ ಕೇರೀಲಿ ಅಮ್ಮ ಆಡ್ತಾವ್ಳೆ ಅಂದ್ಬುಟ್ಟೆ. ಎಲ್ಡು ಮನೇಲಿ ಮಕ್ಳಿಗೆ ಮೈಯೆಲ್ಲಾ ಗುಳ್ಳೆ ಎದ್ದವೆ, ಬೇವಿನ ಸೊಪ್ಪು ಕಟ್ಟೈತೆ, ಪರಊರೋರು ಕಾಲಿಡಂಗಿಲ್ಲ, ಎಳೇ ಕೂಸಿರೋರು ಆಚೆಗೂ ಓಗಂಗಿಲ್ಲ. ಅಮ್ಮ ಅಂದ್ಮ್ಯಾಲೆ ಮರುಮಾತು ಉಂಟಾ? ಅಲ್ಲೇ ಗಾಡಿ ತಿರುಗುಸ್ದ. ಒಂದ್ ಚೆಂಬು ನೀರೂ ಕುಡೀನಿಲ್ಲ. ಮಾವ, ನಮ್ಮ ಕೂಸ್ಗೆ? ಅಂತ ಒಂದೇ ಮಾತು ಕೇಳ್ದ. ನಿಮ್ ಕೂಸ್ಗೆ ಏನೂ ಇಲ್ಲ ಓಗು ಅಂದೆ.

ಇಲ್ದಿರೋ ಅಮ್ಮನ ಎಸ್ರು ಎತ್ಬುಟ್ಟೆ ನೋಡು. ಅದ್ಕೇ ಎಲ್ಡು ಮಂಗಳ್ವಾರ ಗುಡೀಗೆ ತಂಬಿಟ್ಟು ತಕ್ಕೊಂಡ್ ಓಗಿದ್ದು. ಲಾರಿಗೆ ಒಳ್ಳೇದಾಗ್ಲಿ ಅಂತ ಅಲ್ಲ.

ಎಲ್ಡ್ನೇ ಸಲ… ಎಲ್ಡ್ನೇ ಸಲ ಓದ್ ಶುಕ್ರವಾರ. ನಡ್ಕೊಂಡ್ ಬಂದಿದ್ದ. ಊರ ಮುಂದ್ಲ ಗೋಣಿ ಮರದ ತಾವ್ಲೇ ನಿಂತ್ಕಂಡ, ಅಮ್ಮ ಇಳ್ದಿದ್ದಾಳಾ ಕೇಳಿಸ್ಕಂಡ್ ಓಗಾಕೆ. ನಾ ಓದೆ. ಇನ್ನೂ ಇಲ್ಲ ಕಣಪ್ಪ ಅಂದೆ. ಅವ್ನು ಆ ಗಡಿ ಕಲ್ಲು ದಾಟ್ನಿಲ್ಲ. ಕಲ್ಲಿನಾಚೆ ನಿಂತ್ಕಂಡೇ ಕೈ ಚಾಚಿ ಕೇಳ್ದ, ಮಾವ, ಇಷ್ಟುದ್ದ ಆಗವ್ಳಾ? ನಾ ಇಲ್ಲ ಅಂದೆ. ಕೈ ವಸಿ ಅಗಲ ಮಾಡ್ದ, ಇಷ್ಟುದ್ದ? ಇನ್ನೊಸಿ ಅಂದೆ. ಇಷ್ಟುದ್ದವಾ ಅಂತ ಕೈ ಅಗಲ್ಸಿ, ಆ ಖಾಲಿ ಕೈ ನೋಡ್ಕಂಡು ನಕ್ಕ. ನಾನೂ ನಕ್ಕು ಮನೆಗ್ ಬಂದು ಕೂಸ್ನ ಎತ್ಕಂಡೆ. ಆವತ್ತೇ ಟಾರು ಕಾಯ್ಸಾಕೆ ಒಲೆ ಊಡಿದ್ದು.

ಈಗ ಬೈಯಿ.

ಬೈಯ್ಯಕಿಲ್ವಾ? ಅಂಗಾರೆ ಇದನ್ನೂ ಕೇಳ್ಬುಡು. ನೀನು ಉಟ್ಟಾಗ ನಿನ್ನ ನಾನು ಎತ್ಕೊಳ್ನಿಲ್ಲ ಕಣವ್ವ. ನಮ್ಮಪ್ಪ ಇದ್ದ. ಅಪ್ಪನ ಎದ್ರು ಮಗ ತನ್ ಕೂಸ್ನ ಎತ್ಕಂಡ್ರೆ ನಾಚ್ಕೆಗೆಟ್ಟವ್ನು ಅನ್ನೋರು. ನೀನು ತೊಟ್ಲಲ್ಲಿ ಅಳ್ತಾ ಇದ್ರೂ ನಾನು ಎತ್ತಿನ ಮೈ ತಿಕ್ತಾ ನಿಂತ್ಕಬೇಕು. ನೀನು ನಡ್ಕೊಂಡ್ ಬಂದು ನನ್ ಪಂಚೆ ಇಡ್ಕಂಡಾಗ್ಲೇ ನಾ ನಿನ್ನ ಮುಟ್ಟಿದ್ದು. ಕೂಸು ಎಷ್ಟು ಅಗುರ ಇರ್ತದೆ, ನೆತ್ತಿ ಎಂಗೆ ವಾಸ್ನೆ ಬತ್ತದೆ ಅಂತ ನಂಗೆ ಗೊತ್ತಾಗಿದ್ದು ಇವ್ಳಿಂದ. ಈ ವಯಸ್ಸಲ್ಲಿ. ಇನ್ನೊಸಿ ದಿನ ಇರ್ಲಿ, ಇನ್ನೊಸಿ ದಿನ ಇರ್ಲಿ ಅಂತ ಆಸೆ ಬಿದ್ಬುಟ್ಟೆ.

ನಮ್ಮಪ್ಪ ನಂಗೆ ಮಾಡಿದ್ದನ್ನೇ ನಾನು ಅವ್ನಿಗೆ ಮಾಡ್ಬುಟ್ಟೆ. ಈಗ, ಇಲ್ಲಿ ನಿಂತ್ಕಂಡು, ಬಾಯಲ್ಲಿ ಯೋಳ್ತಾ ಯೋಳ್ತಾ ಗೊತ್ತಾಯ್ತಾ ಐತೆ.

ಏಳವ್ವ. ಗಂಟು ಕಟ್ಟು. ನಾಳೀಕಲ್ಲ, ಈಗ್ಲೇ. ಒತ್ತು ಇನ್ನೂ ಐತೆ, ನಾಗಯ್ಯ ಮದ್ದೂರಿಂದ ಬಂದಾಯ್ತು. ಟಾರಿನ ಮ್ಯಾಲೆ ಬೂದಿ ಚೆಲ್ಲಿ, ಮೊಳದುದ್ದ ರಾಗಿ ಉಲ್ಲು ಆಸ್ತೀನಿ, ಅದ್ರ ಮ್ಯಾಲೆ ಎಲ್ಡು ಚಾಪೆ. ಅಂಟ್ಕಂಡ್ರೆ ಅಂಟ್ಕಳ್ಳಿ, ನನ್ ಲಾರಿ ತಾನೇ. ಬೆಳಕವಾಡೀಲಿ ನಾನೇ ಇಳ್ದು ಎಲ್ಲಾ ಒಪ್ಕತೀನಿ ಅವ್ನ ಎದ್ರು. ಒಡದ್ರೂ ಒಡೀಲಿ.

ಏನವ್ವಾ… ಯಾಕ್ ಇತ್ತಾಗ್ ಬತ್ತೀಯ? ಕೂಸ್ನ ಯಾಕ್ ಇಂಗ್ ಚಾಚ್ತೀಯ ನನ್ ಕಡೀಕೆ? ಬ್ಯಾಡ ಕಣವ್ವ. ನೋಡು, ನಗ್ತಾವ್ಳೆ, ಬತ್ತೀನಿ ಅಂತಾವ್ಳೆ… ಬ್ಯಾಡ, ನನ್ ಕೈ ತುಂಬ ಟಾರು. ನೀನೇ ಇಟ್ಕೊ. ಇವತ್ತು ನಾ ಎತ್ಕಳಕಿಲ್ಲ.

ಮೊದ್ಲು ಅವ್ನು ಎತ್ಕಳ್ಳಿ.